ಎಲೆ ಮೇಲೆ ನಿಲ್ಲದ ನೀಲಿ

ಗುರುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಶಬ್ಬೀರಸಾಬ ಹಂಪಣ್ಣನ ಕಡಲೆ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕೀಡಿ ಹಿಡಿದು ನೋಡುತ್ತಿದ್ದ. ಗಿಡ ಬಗ್ಗಿಸುವುದು, ಕಾಯಿಯೊಳಗೆ ತಲೆ ತೂರಿಸಿಕೊಂಡ ಹಸಿರು ಕೀಡಿಯನ್ನು ಎರಡು ಬೆರಳಲ್ಲಿ ಎಳೆಯುವುದು, ಅಂಗೈ ಮೇಲೆ ಬಿಟ್ಟು ಅದರ ನಡಿಗೆ ನೋಡುವುದು. ಔಷಧ ತಿಂದ ಕೀಡಿ ಮೂರನೇ ದಿನಕ್ಕೆ ಮಂಕಾಗಬೇಕು, ಮೈ ಬಿಳಿಚಿಕೊಳ್ಳಬೇಕು, ತಿನ್ನುವುದನ್ನು ಬಿಡಬೇಕು. ಇವು ಅಂಗೈಗೆ ಬಿದ್ದ ಕೂಡಲೇ ಮುಂಗೈ ಕಡೆ ಓಟ ಕಿತ್ತವು. ಒಂದಂತೂ ತಿರುಗಿ ಕಚ್ಚಿತು.

ಇನ್ನು ಐದು ದಿನ ಉಳಿದಿತ್ತು. ಮುಂದಿನ ಮಂಗಳವಾರದೊಳಗೆ ಇವು ಸಾಯದಿದ್ದರೆ ಶಬ್ಬೀರಸಾಬ ಮತ್ತೆ ವಿಷದ ಪಂಪು ಬೆನ್ನಿಗೆ ಹಾಕಬೇಕು. ಯಾರೂ ಒತ್ತಾಯ ಮಾಡಿರಲಿಲ್ಲ. ನಾಲ್ಕು ಜನರ ಮುಂದೆ ಅವನೇ ಹಾಗೆ ಮಾತು ಕೊಟ್ಟಿದ್ದ.

ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ, ಕೈ ಅಡ್ಡ ಹಾಕಿದರೆ ಮಾತ್ರ ಬಸ್ಸು ನಿಲ್ಲುವ ಊರು ಅದು. ಹಂಪಣ್ಣನದು ರಸ್ತೆಗೆ ಹತ್ತಿದ ಮೂರು ಎಕರೆ ಕಪ್ಪು ಮಣ್ಣಿನ ಎರಿ ಹೊಲ. ಡಿಸೆಂಬರಿನಲ್ಲಿ ಕಡಲೆಗೆ ಕಾಯಿ ಹಿಡಿಯುತ್ತದೆ, ಕೀಡಿ ಬೀಳುವುದೂ ಅದೇ ಹೊತ್ತಿಗೆ. ಒಂದೊಂದು ಕೀಡಿ ಮೂವತ್ತು ನಲವತ್ತು ಕಾಯಿ ತೂತು ಮಾಡಿ, ಒಳಗಿನದನ್ನು ತಿಂದು, ಸಿಪ್ಪೆ ಬಿಟ್ಟು ಮುಂದಿನ ಕಾಯಿಗೆ ಹೋಗುತ್ತದೆ. ಎಂಟು ದಿನ ಸುಮ್ಮನೆ ಕೂತರೆ ರಾಶಿಗೆ ಬರೀ ಹೊಟ್ಟು ಬರುತ್ತದೆ. ಹಾಗಾಗಿ ಹಂಪಣ್ಣ ಎಂಟು ದಿನ ಕಾಯುತ್ತೇನೆ ಅಂದದ್ದು ಸಣ್ಣ ಮಾತಲ್ಲ.

ಶಬ್ಬೀರಸಾಬನಿಗೆ ಆಗ ಐವತ್ತೆರಡು. ಅದರಲ್ಲಿ ಇಪ್ಪತ್ತೆರಡು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಬೇರೆಯವರ ಹೊಲಕ್ಕೆ ಎಣ್ಣೆ ಹೊಡೆಯುವುದು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಅನ್ನುತ್ತಾರೆ, ತಲೆಗೆ ಹಚ್ಚಿಕೊಳ್ಳುವ ವಸ್ತುವಿನ ಹಾಗೆ. ಭತ್ತದ ಹಂಗಾಮಿಗೆ ಗಂಗಾವತಿ ಕಡೆಯ ಆಂಧ್ರದವರ ಕ್ಯಾಂಪುಗಳಿಗೆ ಗುಂಪು ಕಟ್ಟಿಕೊಂಡು ಹೋಗುತ್ತಿದ್ದ. ಅಲ್ಲಿ ಕಲಿತದ್ದು ತೆಲುಗು ಬೈಗುಳ ಮತ್ತು ಎಲೆಯ ಮೇಲೆ ಹನಿ ಹೇಗೆ ಕೂರುತ್ತದೆ ಅನ್ನುವುದು. ಬರಿಗಾಲು, ಮೊಣಕಾಲ ಮೇಲೆ ಕಟ್ಟಿದ ಲುಂಗಿ, ಮೂಗಿಗೆ ಟವೆಲು. ಹೊಲದ ಮಾಲೀಕರು ಬದುವಿನ ಮೇಲೆ, ಗಾಳಿಯ ದಿಕ್ಕು ನೋಡಿಕೊಂಡು ನಿಲ್ಲುತ್ತಿದ್ದರು. ಎಣ್ಣೆ ಹೊಡೆಯುವವರಿಗೆ ಕೈಗವಸು, ಮುಖಗವಸು ಕೊಡಬೇಕು ಅಂತ ಒಮ್ಮೆ ತಾಲೂಕು ಕಚೇರಿಯ ಮುಂದೆ ಮೂರು ದಿನ ಧರಣಿ ನಡೆದಾಗ ಅವನೂ ಬಂದು ಕೂತಿದ್ದ. ಮನವಿ ತೆಗೆದುಕೊಂಡರು, ಮೊಹರು ಹೊಡೆದರು. ಕೈಗವಸು ಬರಲಿಲ್ಲ.

ಐದು ವರ್ಷದ ಹಿಂದೆ ಗದ್ದೆಯಲ್ಲೇ ಪಂಪಿನ ಸಮೇತ ಮುಖ ಅಡಿಯಾಗಿ ಬಿದ್ದ. ಆಸ್ಪತ್ರೆಯಲ್ಲಿ ಮೂರು ದಿನ ಎಚ್ಚರವಿರಲಿಲ್ಲ. ಎದ್ದ ಮೇಲೆ ಡಾಕ್ಟರು ಅವನ ಹೆಂಡತಿ ರಜಿಯಾಬೇಗಂಳನ್ನು ಕರೆದು, ಇವರು ಇನ್ನೊಮ್ಮೆ ಪಂಪು ಹೊತ್ತರೆ ಇಲ್ಲಿಗೆ ತರುವ ಕಷ್ಟ ತೆಗೆದುಕೊಳ್ಳಬೇಡಿ ಅಂದರು. ಜೀವ ಉಳಿಯಿತು, ಮೂಗು ಹೋಯಿತು. ಮಲ್ಲಿಗೆಯೂ ಒಂದೇ, ಸತ್ತ ನಾಯಿಯೂ ಒಂದೇ.

ಹೊಸ ಕೆಲಸ ಸಿಕ್ಕಿದ್ದು ಆ ಸತ್ತ ಮೂಗಿನಿಂದಲೇ. ಕೊಪ್ಪಳದಲ್ಲಿ ರೈತರಿಗೆ ತರಬೇತಿ ಕೊಡುವ ಐಶ್ವರ್ಯ ಮೇಡಂ ಒಂದು ಸಲ ಕೀಡಿಗೆ ರೋಗ ಹತ್ತಿಸುವ ಔಷಧ ಮಾಡಿ ತೋರಿಸಿದರು. ಕೀಡಿಗೆ ಬರುವ ಒಂದು ವೈರಸ್ಸು ಇದೆ. ಆ ರೋಗದಿಂದ ಸತ್ತ ಕೀಡಿಯನ್ನು ನೀರಲ್ಲಿ ಕೊಳೆಸಿ, ಅರೆದು, ಸೋಸಿ ಗಿಡಕ್ಕೆ ಹೊಡೆದರೆ, ಎಲೆಯ ಜೊತೆ ಅದನ್ನು ತಿಂದ ಕೀಡಿಗಳೂ ಅದೇ ರೋಗ ಬಂದು ಸಾಯುತ್ತವೆ. ಮಡಿಕೆಯ ಮುಚ್ಚಳ ತೆಗೆದಾಗ ಬಂದವರೆಲ್ಲ ಮೂಗು ಹಿಡಿದು ಹೊರಗೆ ಓಡಿದರು. ಒಳಗೆ ಉಳಿದವನು ಶಬ್ಬೀರಸಾಬ ಒಬ್ಬನೇ. "ಮುಂದ ಹೇಳ್ರಿ ಮೇಡಂ," ಅಂದ.

ಮನೆಯ ಹಿಂದೆ ಆಡಿನ ಕೊಟ್ಟಿಗೆ ಖಾಲಿ ಇತ್ತು. ಅಲ್ಲಿ ಶುರು ಮಾಡಿದ. ಚಹಾ ಅಂಗಡಿಯಲ್ಲಿ ಎಸೆದ ಕಾಗದದ ಕಪ್ಪು ತೊಳೆದು ತಂದು, ಕಪ್ಪಿಗೊಂದು ಕೀಡಿ ಬಿಡುತ್ತಿದ್ದ. ಎರಡು ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ನೆನೆಸಿದ ಕಡಲೆಗೆ ರೋಗದ ನೀರು ಸವರಿ ಉಣ್ಣಲು ಇಡುತ್ತಿದ್ದ. ಆರೇಳು ದಿನಕ್ಕೆ ಸತ್ತು ಜೋತಾಡುವವನ್ನು ಆರಿಸಿ ಮಡಿಕೆಗೆ ಹಾಕುತ್ತಿದ್ದ. ರಜಿಯಾಬೇಗಂ ಕೊಟ್ಟಿಗೆಯ ಕಡೆಗಿದ್ದ ಅಡುಗೆಮನೆಯ ಕಿಟಕಿಗೆ ಗೋಣಿಚೀಲ ಹೊಡೆದು ಮುಚ್ಚಿದಳು. ಮೊದಲ ವರ್ಷ ತಮ್ಮ ಒಂದು ಎಕರೆಗೆ ಹೊಡೆದ. ಕೀಡಿ ಸತ್ತವು. ಊರು ನೋಡಿತು, ನೋಡಿದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮರುವರ್ಷ ಹಂಪಣ್ಣ ಕೇಳಿದ. ಮಾತು ನಡೆದದ್ದು ಚಹಾ ಅಂಗಡಿಯಲ್ಲಿ. ಎಣ್ಣೆ ಅಂಗಡಿಯ ದೇವೇಂದ್ರಪ್ಪನೂ ಅಲ್ಲೇ ಕೂತಿದ್ದ.

"ಏನ್ ಸಾಬ್ರ, ಹುಳಾ ಅರದು ಹುಳಕ್ಕ ಉಣಸ್ತೀರಂತ? ನನ್ನ ಅಂಗಡಿ ಮುಚ್ಚಸೂದು ಖರೇ ಅನ್ರಿ," ಅಂದ ದೇವೇಂದ್ರಪ್ಪ.

"ಮುಚ್ಚಬ್ಯಾಡ್ರಿ. ಅದರಾಗ ಬಳಿ ಅಂಗಡಿ ಇಡ್ರಿ, ಹೆಣ್ಮಕ್ಕಳರ ಹರಸ್ತಾರ."

ಹಂಪಣ್ಣನಿಗೆ ನಗು ಬೇಕಿರಲಿಲ್ಲ. "ಚಾಷ್ಟಿ ಸಾಕ್ರಪಾ. ಕೀಡಿ ಸಾಯ್ತಾವೋ ಇಲ್ಲೋ ಅಷ್ಟ ಹೇಳೋ ಶಬ್ಬೀರಾ."

"ಎಂಟ ದಿನಾ ಕೊಡ್ರಿ. ಇದು ನಿಮ್ಮ ಎಣ್ಣಿಯಂಗ ಹೊಡದ ಕೂಡ್ಲೆ ಕೆಡವಂಗಿಲ್ಲ. ತಿನ್ನಬೇಕು, ರೋಗ ಬರಬೇಕು, ಸಾಯಬೇಕು."

"ಎಂಟ ದಿನಕ್ಕ ಸಾಯಲಿಲ್ಲಂದ್ರ? ಅವತ್ತ ಎಣ್ಣಿ ಹೊಡ್ಯಾಕ ಆಳು ಎಲ್ಲಿ ಹುಡಕ್ಲಿ? ಎಲ್ಲಾರೂ ಗಿಣಿಗೇರಿ ಫ್ಯಾಕ್ಟರಿಗೆ ಹೋಗ್ಯಾರ."

"ಆಳು ಯಾಕ್ರಿ? ಸಾಯಲಿಲ್ಲಂದ್ರ ನಾನ ಪಂಪ್ ಹೊತ್ತು ಹೊಡದು ಕೊಡ್ತೀನಿ."

ಬಾಯಿಂದ ಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳೋಣ ಅಂದುಕೊಂಡ. ಆದರೆ ಅಷ್ಟರಲ್ಲಿ ಯಾರೋ ಒಬ್ಬ, ಈ ಹುಳದ ನೀರು ಹೊಡೆದ ಮೇವು ಎತ್ತು ತಿಂದರೆ ಗತಿಯೇನು ಅಂತ ತೆಗೆದ. ಶಬ್ಬೀರಸಾಬ ಜೇಬಿನಿಂದ ಮಾದರಿಯ ಸೀಸೆ ತೆಗೆದು, ಬೆರಳು ಅದ್ದಿ ಎಲ್ಲರ ಮುಂದೆ ನೆಕ್ಕಿದ.

"ಕೀಡಿ ಬಿಟ್ರ ಯಾರಿಗೂ ಏನೂ ಆಗಂಗಿಲ್ಲ. ಎತ್ತಿಗಿಲ್ಲ, ಎಮ್ಮಿಗಿಲ್ಲ, ಕೂಸಿಗಿಲ್ಲ."

ಆ ಸುದ್ದಿ ಸಂಜೆಯೊಳಗೆ ಎಲ್ಲ ಮನೆಗೂ ಮುಟ್ಟಿತು. ಪಂಪಿನ ಮಾತು ರಜಿಯಾಬೇಗಂಗೆ ಮುಟ್ಟಿತು.

"ಜೀವಾ ಪಣಕ್ಕಿಟ್ಟು ಬಂದೀರಿ, ಅದೂ ಚಾದಂಗಡ್ಯಾಗ! ಮನ್ಯಾಗ ಒಂದ ಮಾತು ಕೇಳಬಾರದಾಗಿತ್ತ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅದಕ್ಕ ಕೇಳಬೇಕಿತ್ತು!"

ಈ ಔಷಧದ ಶತ್ರು ಬಿಸಿಲು. ಬಯಲಲ್ಲಿ ಎಲೆಯ ಮೇಲೆ ಬಿದ್ದದ್ದು ಎರಡು ದಿನದ ಬಿಸಿಲಿಗೆ ಬಹುಪಾಲು ಸತ್ತುಹೋಗುತ್ತದೆ. ಕೀಡಿ ತಿನ್ನುವವರೆಗೆ ಅದನ್ನು ಜೀವಂತ ಉಳಿಸುವುದೇ ಎಲ್ಲ ಕಷ್ಟ. ಅದಕ್ಕೆ ಬೆಲ್ಲದ ನೀರು ಸೇರಿಸಬೇಕು, ಕೀಡಿ ಇಷ್ಟಪಟ್ಟು ತಿನ್ನುತ್ತದೆ. ಜಾರದಂತೆ ಹಿಡಿದುಕೊಳ್ಳಲು ಅಂಟವಾಳದ ನೀರು ಬೇಕು. ಬಿಸಿಲಿಗೆ ಕೊಡೆ ಹಿಡಿದಂತೆ, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನೂ ಕಲೆಸಬೇಕು. ಹೊಡೆಯುವುದು ಸಂಜೆಯೇ ಆಗಬೇಕು. ರಾತ್ರಿಯಿಡೀ ಕೀಡಿ ತಿನ್ನುವಾಗ ಔಷಧ ಎಲೆಯ ಮೇಲೆ ಹಾಗೇ ಇರಬೇಕು. ಸೋಮವಾರ ಅವನು ಇದನ್ನೆಲ್ಲ ಮಾಡಿದ್ದ. ಪಂಪು ಅವನ ಬೆನ್ನಿಗೆ ಹಳೆಯದು, ಒಳಗಿದ್ದದ್ದು ಹೊಸದು. ರಸ್ತೆ ಕಡೆಯಿಂದ ಶುರು ಮಾಡಿ, ಕತ್ತಲಾಗುವಷ್ಟರಲ್ಲಿ ಹಳ್ಳದ ಕಡೆ ಮುಗಿಸಿದ. ಮುಗಿಸಿ ಬಗ್ಗಿ ನೋಡಿದಾಗ ಎಲೆಯ ಮೇಲೆ ತೆಳ್ಳಗೆ ನೀಲಿ ಕೂತಿತ್ತು.

ಹಾಗಿದ್ದರೂ ಗುರುವಾರ ಈ ಕೀಡಿಗಳು ಓಡುತ್ತಿವೆ!

ಹೊಲದ ಉದ್ದಕ್ಕೂ ನಡೆದು ನೋಡಿದ. ಹಳ್ಳದ ಕಡೆ ಕೆಲವು ಕೀಡಿ ಬಿಳಿಚಿಕೊಂಡ ಹಾಗೆ ಕಂಡವು. ರಸ್ತೆ ಕಡೆ ಎಲ್ಲವೂ ಹಸಿರು, ಎಲ್ಲವೂ ಚುರುಕು. ಆಗ ಲೆಕ್ಕ ಹತ್ತಿತು ಅಂದುಕೊಂಡ. ರಸ್ತೆ ಕಡೆ ಶುರು ಮಾಡಿದ್ದು ನಾಲ್ಕೂವರೆಗೆ. ಆಗಿನ್ನೂ ಬಿಸಿಲಿತ್ತು. ಇನ್ನೊಂದು ತಾಸು ತಡೆಯಬೇಕಿತ್ತು. ಅವಸರ ಮಾಡಿ ತಾನೇ ಕೆಡಿಸಿದೆ ಅಂತ ಹಣೆಗೆ ಹೊಡೆದುಕೊಂಡ.

ಹಂಪಣ್ಣ ಬದುವಿನಿಂದ ಕೂಗಿದ. "ಏನಂತಾವೋ ನಿನ್ನ ಬೀಗರು?"

"ಸ್ವಲ್ಪ ತಡಾ ಐತ್ರಿ. ಇವತ್ತ ಸಂಜಿಕೆ ರಸ್ತೆ ಕಡೆ ಇನ್ನೊಂದ ಸಲಾ ಹೊಡಿತೀನಿ."

"ಹೊಡಿ. ದಿನಾ ಮಾತ್ರ ಎಂಟಽ."

ಗುರುವಾರ ಸೂರ್ಯ ಪೂರ್ತಿ ಮುಳುಗಿದ ಮೇಲೆ ಹೊಡೆದ. ಮಡಿಕೆಯಲ್ಲಿ ಉಳಿದದ್ದನ್ನೆಲ್ಲ ಬಳಿದು ಹಾಕಿದ. ನೀಲಿ ದುಪ್ಪಟ್ಟು, ಬೆಲ್ಲ ದುಪ್ಪಟ್ಟು. ಅದೂ ಸಾಲದು ಅನ್ನಿಸಿ, ರಜಿಯಾಬೇಗಂಗೆ ಹೇಳಿ ಅಕ್ಕಿ ಗಂಜಿಯ ತಿಳಿ ಬಸಿದುಕೊಂಡು ಅಂಟಿಗೆ ಅಂತ ಸೇರಿಸಿದ. ಬ್ಯಾಟರಿ ಹಾಕಿ ನೋಡಿದರೆ ಗಿಡವೆಲ್ಲ ಒಗೆದು ಹಾಕಿದ ಅಂಗಿಯ ಹಾಗೆ ನೀಲಿ. ಇಷ್ಟರ ಮೇಲೆ ಹೋಗುವುದಾದರೂ ಹೇಗೆ? ಮನೆಗೆ ಬಂದು ಉಂಡ, ಏನು ಉಂಡೆ ಅಂತ ಗೊತ್ತಾಗಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಹೊಲಕ್ಕೆ ಹೋದ. ರಸ್ತೆ ಬದಿಯ ಸಾಲುಗಳಲ್ಲಿ ನೀಲಿ ಇರಲಿಲ್ಲ. ಮಾಸಿದ್ದಲ್ಲ, ಒರೆಸಿದ ಹಾಗೆ ಹೋಗಿತ್ತು. ಎಲೆಯ ಬುಡದಲ್ಲಿ, ಕಾಂಡದ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಹೊಲದ ನಡುವಿನವರೆಗೆ ಒಳಗೆ ಹೋದರೆ ನೀಲಿ ಹಾಗೇ ಇದೆ. ಅಲ್ಲೇ ಮಣ್ಣಿನ ಮೇಲೆ ಕೂತು ಐಶ್ವರ್ಯ ಮೇಡಂಗೆ ಫೋನು ಹಚ್ಚಿದ.

"ಮೇಡಂ, ನೀಲಿ ನಿಲ್ವಲ್ದು. ನಿನ್ನಿ ಕತ್ತಲಾದ ಮ್ಯಾಲೆ ಹೊಡದೀನಿ. ಇವತ್ತಿಗೆ ಇಲ್ಲ."

"ಬಿಸಿಲಿಗೆ ಹೋಗಿರಬೇಕ್ರಿ ಶಬ್ಬೀರಸಾಬ್ರ."

"ಅರ್ಧಾ ದಿನದ ಬಿಸಲಿಗೆ ಇಷ್ಟ ಹೋಕ್ಕೈತೇನ್ರಿ? ಅದೂ ಒಂದ ಕಡೆ ಅಷ್ಟ?"

ಮೇಡಂ ಬೇರೆ ಕಾರಣ ಹುಡುಕತೊಡಗಿದರು. "ಮಳಿ ಬಂದಿಲ್ಲಲ್ರಿ?"

"ಮಳಿ ಎಲ್ಲೀದ್ರಿ ಈ ತಿಂಗಳಾಗ! ಇಬ್ಬನಿ ಐತಿ."

"ಇಬ್ಬನಿಗೆ ಅಷ್ಟ ತೊಳಿಯಂಗಿಲ್ಲ. ನೀರು ಉಪ್ಪ ಸವುಳ ಐತೇನು? ಸೋಪು ಬ್ಯಾರೆ ಹಾಕೀರೇನು?"

ಒಂದೊಂದನ್ನೂ ಕೇಳಿದರು, ಒಂದೊಂದಕ್ಕೂ ಇಲ್ಲ ಅಂದ. ಕೊನೆಗೆ ಮೇಡಂ, "ನಾಳಿ ಬೆಳಕ ಹರಿಯೂ ಮುಂದ ಹೋಗಿ ನೋಡ್ರಿ. ಯಾವ ಹೊತ್ತಿನಾಗ ಹೋಕ್ಕೈತಿ ಅನ್ನೂದು ಗೊತ್ತಾದ್ರ ಉಳದದ್ದು ಗೊತ್ತಾಕ್ಕೈತಿ," ಅಂದರು.

ಆ ರಾತ್ರಿ ಅವನು ಬೆನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಪಂಪಿನ ಪಟ್ಟಿ ಕೂತು ಕೂತು ಹೆಗಲ ಮೇಲೆ ಎರಡು ಕಡೆ ದಪ್ಪಗೆ ಚರ್ಮ ಗಟ್ಟಿಯಾಗಿದೆ. ರಜಿಯಾಬೇಗಂ ನಿದ್ದೆ ಬಂದವಳ ಹಾಗೆ ಮಲಗಿದ್ದಳು, ಬಂದಿರಲಿಲ್ಲ. "ಊರಿಗೆ ಹೋಗೂಣು ನಡೀರಿ, ಎಂಟ ದಿನಾ ಮುಗಿಯೂತನಕ ನಮ್ಮ ಅಕ್ಕನ ಮನ್ಯಾಗ ಇರೂಣು," ಅಂದಳು. ಓಡಿಹೋದ ಅಂತ ದೇವೇಂದ್ರಪ್ಪ ಅಂಗಡಿಯ ಮುಂದೆ ಬೋರ್ಡು ಹಾಕುತ್ತಾನೆ ಅಂದ ಇವನು. "ಬೋರ್ಡ್ ಓದಾಕ ನೀವು ಬದಕಿರಬೇಕಲ್ಲ," ಅಂದಳು ಅವಳು.

ಶನಿವಾರ ಕೋಳಿ ಕೂಗುವ ಹೊತ್ತಿಗೆ ಹೊಲದ ಬದುವಿನಲ್ಲಿದ್ದ. ಥಂಡಿ. ಮಂಜಿನಲ್ಲಿ ರಸ್ತೆ ಕಾಣುತ್ತಿರಲಿಲ್ಲ. ಬೆಳಕು ಬೂದಿಯಾಗುವ ಹೊತ್ತಿಗೆ ಹೊಲದ ಮಧ್ಯೆ ಏನೋ ಬೆಳ್ಳಗೆ ಅಲುಗಾಡಿತು. ಅವನಿಗೆ ಮೊದಲು ಹೊಳೆದದ್ದು ದೇವೇಂದ್ರಪ್ಪನ ಕಡೆಯವರು ಯಾರೋ ಬಂದು ನೀರು ಹಾಕಿ ತೊಳೆಯುತ್ತಿದ್ದಾರೆ ಅಂತ. ಕೈಗೊಂದು ಮಣ್ಣಿನ ಹೆಂಟೆ ತಗೊಂಡ. ನಾಲ್ಕು ಹೆಜ್ಜೆ ಹೋದ ಮೇಲೆ ಹೆಂಟೆ ಕೈಯಿಂದ ತಾನೇ ಬಿತ್ತು.

ಹಂಪಣ್ಣನ ತಾಯಿ ಮುದುಕಮ್ಮ. ಎಪ್ಪತ್ತು ದಾಟಿದ ಹೆಂಗಸು. ಸೀರೆ ಕಚ್ಚೆ ಹಾಕಿ, ಒಂದು ತೆಳು ಧೋತರವನ್ನು ಕಡಲೆ ಗಿಡಗಳ ತಲೆಯ ಮೇಲೆ ಹಾಸಿ, ಮೆಲ್ಲಗೆ ಸಾಲಿನುದ್ದಕ್ಕೂ ಎಳೆಯುತ್ತಿದ್ದಳು. ಹತ್ತು ಹೆಜ್ಜೆಗೊಮ್ಮೆ ನಿಂತು ಪಿಂಗಾಣಿ ಭರಣಿಗೆ ಹಿಂಡುತ್ತಿದ್ದಳು. ಕಡಲೆ ಎಲೆಯ ಮೇಲೆ ಚಳಿಗಾಲದ ಬೆಳಗಿನಲ್ಲಿ ಹುಳಿ ಒಸರುತ್ತದೆ. ಅದು ಇಬ್ಬನಿಯ ಜೊತೆ ಅರಿವೆಗೆ ಹತ್ತುತ್ತದೆ. ಹಿಂಡಿಟ್ಟ ಆ ಕಡಲೆ ಹುಳಿ ಹೊಟ್ಟೆನೋವಿಗೆ, ಅಜೀರ್ಣಕ್ಕೆ ವರ್ಷಗಟ್ಟಲೆ ಬರುತ್ತದೆ. ಹಳೆಯ ಕಾಲದಲ್ಲಿ ಎಲ್ಲ ಮನೆಯಲ್ಲೂ ಒಂದು ಭರಣಿ ಇರುತ್ತಿತ್ತು.

"ಯಾರೋ ಅದು?"

"ನಾ ಶಬ್ಬೀರ, ಯವ್ವಾ."

"ಬಾರೋ ಬಾ. ಇವತ್ತ ಇಬ್ಬನಿ ಭಾಳ ಬಿದ್ದೈತಿ ನೋಡು. ಹನ್ನೆರಡ ವರ್ಷಾತು ಈ ಹೊಲದಾಗ ಹುಳಿ ತಗದು. ನನ್ನ ಮಗಾ ಪ್ರತಿ ವರ್ಷ ಎಣ್ಣಿ ಹೊಡಸ್ತಿದ್ದ, ವಿಷದ ಮ್ಯಾಲೆ ಅರವಿ ಹಾಸಿ ಏನ್ ಹಿಂಡ್ಲಿ? ಈ ವರ್ಷ ನೀ ಪುಣ್ಯಾ ಕಟಗೊಂಡಿ."

ಶಬ್ಬೀರಸಾಬ ಹತ್ತಿರ ಹೋದ. "ಯಾವಾಗಿಂದ ತಗ್ಯಾಕತ್ತಿ ಯವ್ವಾ?"

"ಮಂಗಳಾರದಿಂದ. ನೀನ ಅಂದೀಯಂತಲ್ಲ, ಕೂಸು ಕುಡದ್ರೂ ಏನಾಗಂಗಿಲ್ಲ ಅಂತ? ಬೆರಳ ಅದ್ದಿ ನೆಕ್ಕಿದ್ಯಂತ? ದಿನಾ ರಸ್ತೆ ಕಡೆಯಿಂದನ ಶುರು ಮಾಡಿ ಹೊಲದ ನಡುತನಕ ಬರಾಕತ್ತೀನಿ. ಗಿಡಾ ಹಸಿ ಅದಾವಲ್ಲ, ಹುಳಿ ದಂಡಿಯಾಗಿ ಐತಿ."

ಅವಳ ಕೈಯ ಧೋತರ ನೋಡಿದ. ಬಿಳಿ ಧೋತರ ಆಕಾಶದ ಬಣ್ಣಕ್ಕೆ ಬಂದಿತ್ತು.

"ಈ ನೀಲಿ ನೋಡಿಲ್ಲೇನ ಯವ್ವಾ?"

"ನೋಡದ ಏನು? ನಿನ್ನೆಯಿಂದ ಸೊಸಿಗೆ ಬೈಯಾಕತ್ತೀನಿ, ಅರವಿಗೆ ಎಷ್ಟರ ನೀಲಿ ಹಾಕ್ತೀಯ, ನಿಮ್ಮಪ್ಪನ ಮನಿಯಿಂದ ತಂದೀಯೇನು ಅಂತ. ಅಳಾಕತ್ತಾಳ ಅದು."

ಶಬ್ಬೀರಸಾಬನಿಗೆ ಎಲ್ಲ ಹೊಳೆಯಿತು. ಬಿಸಿಲಿಗೆ ಕೊಡೆ ಹಿಡಿದ, ಸಮಯ ನೋಡಿದ, ಬೆಲ್ಲ ಗಂಜಿ ಎಲ್ಲ ಹಾಕಿದ. ಅವನು ಸಂಜೆ ಕೂರಿಸಿದ್ದನ್ನು ಬೆಳಗಿನ ಜಾವ ಈ ಮುದುಕಿ ಒರೆಸಿಕೊಂಡು ಹೋಗುತ್ತಿದ್ದಳು. ತಪ್ಪು ಯಾರದು ಅಂದರೆ ಅವನದೇ. ಇಪ್ಪತ್ತೆರಡು ವರ್ಷ ಅವನು ಎಣ್ಣೆ ಹೊಡೆದ ಹೊಲಕ್ಕೆ ವಾರದವರೆಗೆ ನಾಯಿಯೂ ಕಾಲಿಡುತ್ತಿರಲಿಲ್ಲ. ಹೊಡೆದ ಮೇಲೆ ಯಾರಾದರೂ ಹೊಲಕ್ಕೆ ಬರುತ್ತಾರೆ ಅನ್ನುವುದೇ ಅವನ ತಲೆಯಲ್ಲಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಚಹಾ ಅಂಗಡಿಯಲ್ಲಿ ಗಂಡಸರಿಗೆ ಹೇಳಿದ. ಬೆಳಗಿನ ಜಾವ ಹೊಲದಲ್ಲಿ ಇರುವವರು ಗಂಡಸರಲ್ಲ.

ವಿಷಯ ಬಿಡಿಸಿ ಹೇಳಿದ. ಮುದುಕಮ್ಮ ಧೋತರ ಕೈಬಿಟ್ಟಳು.

"ಅಂದ್ರ ನಾ ನಿನ್ನ ಔಷಧಾ ಹಿಂಡಿ ಭರಣಿ ತುಂಬೀನಿ?"

"ಹೌದು."

"ಹಂಪಣ್ಣಗ ದಿನಾ ಮಜ್ಜಿಗ್ಯಾಗ ಎರಡ ಚಮಚಾ ಹಾಕಿ ಕೊಡಾಕತ್ತೀನಲ್ಲೋ! ಗ್ಯಾಸ್ ಕಡಿಮಿ ಆಗೇತಿ ಅಂತಾನ."

ಶಬ್ಬೀರಸಾಬ ಮತ್ತೆ ಮೇಡಂಗೆ ಫೋನು ಮಾಡಿದ. ಅವರು ನಿದ್ದೆಗಣ್ಣಲ್ಲೇ ಕೇಳಿದರು, ಎರಡು ಸಲ ಹೇಳಿಸಿಕೊಂಡರು. "ಆ ವೈರಸ್ ಮನಷ್ಯಾರಿಗೆ ಏನೂ ಮಾಡಂಗಿಲ್ರಿ. ಆದ್ರ ಕೊಳತ ಹುಳದ ರಸ ಅದು, ಮೊದಲ ಚೆಲ್ಲಸ್ರಿ."

"ಈ ಹುಳಿನ ತಿರುಗಿ ಗಿಡಕ್ಕ ಹೊಡದ್ರ ಹೆಂಗ್ರಿ? ಔಷಧಾ ಎಲ್ಲಾ ಇದರಾಗ ಐತಲ್ಲ."

"ಅಷ್ಟ ಹುಳಿಯೊಳಗ ಅದು ಜೀವಂತ ಉಳಿತೈತೋ ಇಲ್ಲೋ ನಂಗ ಗೊತ್ತಿಲ್ಲ. ಗೊತ್ತಿಲ್ಲದ್ದು ಹೊಡೀಬ್ಯಾಡ್ರಿ. ಹೊಸಾದು ಮಾಡ್ರಿ."

ಹೊಸದಕ್ಕೆ ಸತ್ತ ಕೀಡಿ ಬೇಕು. ಮಡಿಕೆ ಖಾಲಿ. ಉಳಿದದ್ದು ಮೂರು ದಿನ.

ಹಂಪಣ್ಣನಿಗೆ ಹೇಳುವುದೋ ಬೇಡವೋ ಅಂತ ಅವನು ಹೊಲದಿಂದ ಊರಿನವರೆಗೆ ಗುದ್ದಾಡಿದ. ನಿನ್ನ ತಾಯಿ ಒರೆಸಿದಳು, ಇನ್ನು ಆ ಮಾತು ನನ್ನ ಮೇಲಿಲ್ಲ ಅಂದರೆ ಪಂಪಿನಿಂದ ಬಿಡುಗಡೆ. ಆದರೆ ಮಗ ಅವಳ ಮೇಲೆ ಹರಿಹಾಯುತ್ತಾನೆ, ಊರು ತಿಂಗಳಗಟ್ಟಲೆ ಅವಳನ್ನು ಆಡಿಕೊಳ್ಳುತ್ತದೆ. ಅವನ ಗುದ್ದಾಟ ಮುಗಿಯುವ ಮೊದಲೇ ಮುದುಕಮ್ಮ ಅಂಗಳದಲ್ಲಿ ನಿಂತು ಎಲ್ಲ ಹೇಳಿಬಿಟ್ಟಿದ್ದಳು. ಹಂಪಣ್ಣನಿಗೆ ಬೆಳೆಯ ಸುದ್ದಿ ಕಿವಿಗೆ ಬೀಳಲೇ ಇಲ್ಲ.

"ಸತ್ತ ಹುಳದ ನೀರು ಕುಡಿಸಿದ್ರೇನು ನನಗ? ಐದ ದಿನಾ?" ಬಚ್ಚಲಿಗೆ ಹೋಗಿ ಉಗುಳಿದ, ಬಂದ, ಮತ್ತೆ ಹೋಗಿ ಉಗುಳಿದ. ಬಾಯಿ ಮುಕ್ಕಳಿಸಿ ಬಂದ ಮೇಲೆ ಸಿಟ್ಟೆಲ್ಲ ಒಂದೇ ಕಡೆ ತಿರುಗಿತು. "ಯಾರ ಒರಸಿದ್ರೇನು, ಯಾರ ಬಿಟ್ರೇನು! ಎಂಟ ದಿನಾ ಅಂದ್ರ ಎಂಟ ದಿನಾ. ನನ್ನ ಕಾಯಿ ತಿನ್ನೂ ಕೀಡಿಗೆ ನಿಮ್ಮ ಪುರಾಣ ಗೊತ್ತಿಲ್ಲ."

"ಆತ್ರಿ," ಅಂದ ಶಬ್ಬೀರಸಾಬ.

ಭಾನುವಾರ ಹಳ್ಳದ ಕಡೆ ಮೊದಲ ಕೀಡಿ ಜೋತುಬಿತ್ತು. ಈ ರೋಗ ಬಂದ ಕೀಡಿ ಸಾಯುವ ಮುಂದೆ ಗಿಡದ ತುದಿಗೆ ಹತ್ತುತ್ತದೆ, ಹಿಂಗಾಲಲ್ಲಿ ಹಿಡಿದು ತಲೆ ಕೆಳಗಾಗಿ ನೇತಾಡುತ್ತದೆ, ಕಪ್ಪಾಗಿ ಮೆತ್ತಗಾಗುತ್ತದೆ. ಮಧ್ಯಾಹ್ನದೊಳಗೆ ಹದಿನೆಂಟು ಆದವು. ಸೋಮವಾರ ನಡೆದಲ್ಲೆಲ್ಲ. ಆದರೆ ಎಲ್ಲವೂ ಹಳ್ಳದ ಕಡೆ, ಅರಿವೆ ಮುಟ್ಟದ ಒಂದೂವರೆ ಎಕರೆಯಲ್ಲಿ. ರಸ್ತೆ ಕಡೆಯ ಒಂದೂವರೆ ಎಕರೆಯಲ್ಲಿ ಕೀಡಿಗಳು ಬೆರಳು ದಪ್ಪ ಆಗಿದ್ದವು. ಇಂಥ ದೊಡ್ಡ ಕೀಡಿಗೆ ಔಷಧ ಹತ್ತುವುದೂ ನಿಧಾನ.

ರಜಿಯಾಬೇಗಂ ಮೊದಲ ಸಲ ಆ ಮಡಿಕೆ ಮುಟ್ಟಿದಳು. ಸೆರಗು ಮೂಗಿಗೆ ಬಿಗಿದುಕೊಂಡು ಹೊಲಕ್ಕೆ ಬಂದು ಜೋತಾಡುವ ಕೀಡಿಗಳನ್ನು ಚಿಮಟಿಗೆಯಲ್ಲಿ ಆರಿಸಿದಳು. ಮುದುಕಮ್ಮನೂ ಬಂದಳು. ಬರಿಗೈಯಲ್ಲೇ ಕೀಳುತ್ತಿದ್ದಳು. "ನಾ ಹಿಂಡಿದ್ದು ನಾನ ತುಂಬಬೇಕು," ಅಂದಳು. ಇಬ್ಬರೂ ಒಂದೇ ಸಾಲಿನಲ್ಲಿ ಬಗ್ಗಿ, ತಮ್ಮ ತಮ್ಮ ಮನೆಯ ಗಂಡಸರನ್ನು ಸಣ್ಣ ದನಿಯಲ್ಲಿ ಬಯ್ಯುತ್ತ ಹೋದರು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಇನ್ನೂರರ ಮೇಲೆ ಸಿಕ್ಕವು. ಕೊಳೆಸಲು ದಿನ ಇರಲಿಲ್ಲ. ಮೈ ಮೆತ್ತಗಾದವೇ ಆಗಿದ್ದರಿಂದ ಹಾಗೇ ಅರೆದು ಸೋಸಿದ.

ಮಂಗಳವಾರ ಸಂಜೆ ಐದಕ್ಕೆ ಹಂಪಣ್ಣ ಎಣ್ಣೆಯ ಡಬ್ಬಿ ಹಿಡಿದು ಬದುವಿಗೆ ಬಂದ. ಬೈಕಿನ ಹಿಂದೆ ಬಾಡಿಗೆಯ ಪಂಪು ಕಟ್ಟಿತ್ತು. ಶಬ್ಬೀರಸಾಬ ತನ್ನ ಪಂಪಿಗೆ ನೀಲಿ ಕಲೆಸುತ್ತಿದ್ದವನು ಎದ್ದು ನಿಂತ.

"ಹಳ್ಳದ ಕಡೆ ಸತ್ತಾವು, ಒಪ್ಪಿದೆ. ಕಣ್ಣಿಲೆ ನೋಡೀನಿ," ಅಂದ ಹಂಪಣ್ಣ. "ರಸ್ತೆ ಕಡೆ ಏನಂತಿ?"

"ಐದ ದಿನಾ ಕೊಟ್ರ ಇವೂ ಸಾಯ್ತಾವ್ರಿ."

"ಐದ ದಿನಕ್ಕ ಕಾಯಿ ಉಳಿತಾವೇನು?"

"ಎಲ್ಲಾ ಉಳಿಯಂಗಿಲ್ಲ."

"ಮತ್ತ? ನಾಲ್ಕ ಮಂದಿ ಮುಂದ ಮಾತು ಕೊಟ್ಟಾಂವ ನೀನ."

ಶಬ್ಬೀರಸಾಬ ಬಾಡಿಗೆಯ ಪಂಪಿನ ಪಟ್ಟಿಗೆ ಕೈ ಹಾಕಿದ. ಹಗ್ಗದ ಗಂಟು ಬಿಚ್ಚಲು ಬಗ್ಗಿದ. ರಜಿಯಾಬೇಗಂ ಬಂದು ಬೈಕಿಗೂ ಅವನಿಗೂ ನಡುವೆ ನಿಂತಳು.

"ಅರವಿ ಎಳದಾಕಿ ನಾನು," ಮುದುಕಮ್ಮ ಸಾಲಿನಿಂದಲೇ ಕೂಗಿದಳು. "ಪಂಪ್ ಹೊರಸೂದಿದ್ರ ನನಗ ಹೊರಸು. ಇಲ್ಲಾ ನಿನ್ನ ಹೊಲ, ನಿನ್ನ ಎಣ್ಣಿ, ನೀ ಹೊರು."

"ನನಗೇನ ಬೆನ್ನಿಲ್ಲಂತ ತಿಳದೀಯೇನು?" ಹಂಪಣ್ಣ ಸಿಟ್ಟಿನಲ್ಲಿ ಪಂಪು ಬಿಚ್ಚಿ ಹೆಗಲಿಗೆ ಏರಿಸಿದ. ಪಟ್ಟಿ ತಿರುವಿತ್ತು. ಶಬ್ಬೀರಸಾಬ ಹಿಂದೆ ಹೋಗಿ ಸರಿಮಾಡಿದ. ಇಷ್ಟು ವರ್ಷ ಒಕ್ಕಲುತನ ಮಾಡಿದರೂ ಹಂಪಣ್ಣನ ಬೆನ್ನ ಮೇಲೆ ಪಂಪು ಕೂತದ್ದು ಅದೇ ಮೊದಲು. ಖಾಲಿ ಪಂಪಿಗೇ ಅವನು ಸ್ವಲ್ಪ ವಾಲಿದ. ಮತ್ತೆ ಕೆಳಗಿಳಿಸಿ, ನೀರು ತುಂಬಿ, ಡಬ್ಬಿ ಕೈಗೆ ತಗೊಂಡ.

"ಎಷ್ಟ ಮುಚ್ಚಳಾ ಹಾಕ್ಬೇಕೋ ಒಂದ ಪಂಪಿಗೆ?"

"ಎರಡ್ರಿ. ಕೈಗೆ ತಾಕಿಸಿಕೋಬ್ಯಾಡ್ರಿ."

ಹಂಪಣ್ಣ ಸೀಲು ಕಿತ್ತು ಮುಚ್ಚಳ ತಿರುವಿದ. ವಾಸನೆ ಬಂತು. ಶಬ್ಬೀರಸಾಬನಿಗೆ ಗೊತ್ತಾದದ್ದು ಬೇರೆಯವರ ಮುಖ ನೋಡಿ. ರಜಿಯಾಬೇಗಂ ಮುಖ ತಿರುಗಿಸಿದಳು. ಹಂಪಣ್ಣ ಡಬ್ಬಿಯನ್ನು ಮೈಯಿಂದ ದೂರ ಹಿಡಿದ, ಕಣ್ಣಲ್ಲಿ ನೀರು ತುಂಬಿತು, ಎರಡು ಸಲ ಕೆಮ್ಮಿದ. ಮುಚ್ಚಳ ಕೈಯಲ್ಲೇ ಇತ್ತು.

"ಮೂಗಿಗೆ ಹೆಂಗ ಕಟಗೋಬೇಕೋ ಶಬ್ಬೀರಾ?"

"ಹೆಂಗ ಕಟಗೊಂಡ್ರೂ ಒಳಗ ಹೊಕ್ಕೈತ್ರಿ."

ಹಂಪಣ್ಣ ಸಾಲುಗಳನ್ನು ನೋಡಿದ, ಡಬ್ಬಿ ನೋಡಿದ, ಶಬ್ಬೀರಸಾಬನನ್ನು ಮಾತ್ರ ನೋಡಲಿಲ್ಲ. ಆಮೇಲೆ ಮುಚ್ಚಳ ಹಾಕಿ ಬಿಗಿಯಾಗಿ ತಿರುವಿದ.

"ಇವತ್ತ ಗಾಳಿ ಭಾಳ ಐತಿ," ಅಂದ.

ಹೊಲದಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ.

"ಹೌದ್ರಿ, ಭಾಳ ಐತಿ," ಅಂದ ಶಬ್ಬೀರಸಾಬ. "ನಿಲ್ಲಾಕ ಐದ ದಿನಾ ಬೇಕಾಗಬಹುದು."

"ಐದ ದಿನಾ ನೋಡೂಣು. ಹೆಚ್ಚಿಲ್ಲ." ಡಬ್ಬಿಯನ್ನು ಬೈಕಿಗೆ ಕಟ್ಟಿಕೊಂಡು, ಪಂಪಿನ ನೀರು ಬದುವಿಗೆ ಸುರಿದು ಹೋದ. ಮೂರು ದಿನದ ಧರಣಿಯಲ್ಲಿ ಗಂಟಲು ಹರಿಯುವಂತೆ ಕೂಗಿದವರಿಂದ ಆಗದ್ದು ಆ ಮುಚ್ಚಳದಿಂದ ಆಯಿತು, ಅದೂ ಒಂದೇ ಹೊಲದಲ್ಲಿ, ಒಬ್ಬನಿಗೆ, ಐದು ದಿನಕ್ಕೆ. ಇದನ್ನು ಗೆಲುವು ಅಂತ ಯಾರೂ ಬರೆದುಕೊಳ್ಳಬೇಕಿಲ್ಲ.

ಶಬ್ಬೀರಸಾಬ ಬಿಸಿಲು ಪೂರ್ತಿ ಇಳಿಯುವವರೆಗೆ ಕಾದು ಹೊಡೆದ. ಆ ಐದು ದಿನ ಮುದುಕಮ್ಮ ಹೊಲಕ್ಕೆ ಕಾಲಿಡಲಿಲ್ಲ, ಕಾಲಿಟ್ಟವರನ್ನು ಬಿಡಲೂ ಇಲ್ಲ. ಕೀಡಿ ಸತ್ತವು, ಎಲ್ಲವೂ ಅಲ್ಲ. ದೊಡ್ಡವು ಕೆಲವು ಮಣ್ಣಿಗಿಳಿದು ಕೋಶ ಕಟ್ಟಿಕೊಂಡು ತಪ್ಪಿಸಿಕೊಂಡವು. ರಸ್ತೆ ಕಡೆ ಮೂರರಲ್ಲಿ ಒಂದು ಪಾಲು ಕಾಯಿ ಹೋಯಿತು. ಹಂಪಣ್ಣ ಅದನ್ನು ರಾಶಿ ಆಗುವವರೆಗೂ ಚಹಾ ಅಂಗಡಿಯಲ್ಲಿ ಹೇಳಿಕೊಂಡು ಓಡಾಡಿದ. ಎಣ್ಣೆ ಮಾತ್ರ ಹೊಡೆಯಲಿಲ್ಲ, ಪಂಪಿನ ಮಾತೂ ತೆಗೆಯಲಿಲ್ಲ.

ಅದಾಗಿ ಒಂದು ವರ್ಷ, ಈಗ ನಾಲ್ಕು ಹೊಲ ಶಬ್ಬೀರಸಾಬನ ಕೈಯಲ್ಲಿವೆ. ಯಾರಾದರೂ ಕೇಳಲು ಬಂದರೆ ಅವನು ಎಕರೆ ಎಷ್ಟು ಅಂತ ಮೊದಲು ಕೇಳುವುದಿಲ್ಲ. "ಮುಂಜಾನೆದ್ದು ನಿಮ್ಮ ಹೊಲಕ್ಕ ಯಾರ ಹೋಗ್ತಾರ? ಅವರನ್ನ ಕರಕೊಂಡು ಬರ್ರಿ," ಅನ್ನುತ್ತಾನೆ. ಮಾತು ಕೊಡುವುದನ್ನು ಬಿಟ್ಟಿದ್ದಾನೆ. ಭಯ ಮಾತ್ರ ಬಿಟ್ಟಿಲ್ಲ. ನಾಲ್ಕು ಹೊಲಕ್ಕೂ ಹೊಡೆದು ಇವತ್ತಿಗೆ ಎರಡು ದಿನ. ಮೋಡವಿಲ್ಲ, ಬಿಸಿಲು ಚುರುಗುಡುತ್ತಿದೆ, ಕೀಡಿ ಮಂಕಾಯಿತೋ ಇಲ್ಲವೋ ತೋರಿಸುವ ಮೂರನೇ ದಿನದ ಬೆಳಗು ಇನ್ನೂ ಬಂದಿಲ್ಲ.